ಸ್ಟೇರಿಂಗ್ ಬಾಕ್ಸ್ ಟೈಟ್ ಮಾಡುವ ಮೊದಲು

ನಮ್ಮ ಕಾಸರಗೋಡಿನ ಕಡೆ ತಲಪಾಡಿಯಿಂದ ಚೆಂಗಳಕ್ಕೆ ಆರು ಲೇನಿನ ರಸ್ತೆ ಆದ ಮೇಲೆ ನನ್ನ ವರ್ಕ್‌ಶಾಪಿಗೆ ಬರುವ ಹಳೆ ಪದ್ಮಿನಿ ಕಾರುಗಳದ್ದು ಒಂದೇ ದೂರು. "70 ದಾಟಿದರೆ ಗಾಡಿ ಓಲಾಡ್ತದೆ, ಸ್ಟೇರಿಂಗಿನಲ್ಲಿ ಆಟ ಉಂಟು, ಬಾಕ್ಸ್ ಸ್ವಲ್ಪ ಟೈಟ್ ಮಾಡಿ ಕೊಡಿ." ಆಟ ಎಂದರೆ ಸ್ಟೇರಿಂಗ್ ಚೂರು ತಿರುಗಿಸಿದರೂ ಚಕ್ರ ಅಲುಗದಷ್ಟು ಸಡಿಲು; ಬಾಕ್ಸ್ ಎಂದರೆ ಸ್ಟೇರಿಂಗ್ ತಿರುಗಿಸಿದ್ದನ್ನು ಚಕ್ರಗಳಿಗೆ ದಾಟಿಸುವ ಪೆಟ್ಟಿಗೆ. ಈ ರೋಗ ಹೊಸತಲ್ಲ. ಪೆರ್ಲ, ಬದಿಯಡ್ಕದ ತಿರುವುಗಳಲ್ಲಿ 40ರಲ್ಲಿ ಹೋಗುವಾಗ ಗೊತ್ತಾಗುತ್ತಿರಲಿಲ್ಲ, ಅಷ್ಟೇ.

ಆ "ಟೈಟ್ ಮಾಡಿ" ಎನ್ನುವ ಮಾತು ಕೇಳಿದರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಮಾಡಿ ಕೊಟ್ಟರೆ ಅವರಿಗೆ ಖುಷಿ, ಯಾಕೆಂದರೆ ನಿಂತ ಗಾಡಿಯಲ್ಲಿ ಸ್ಟೇರಿಂಗ್ ವೀಲ್ ಅಲ್ಲಾಡಿಸಿ ನೋಡಿದಾಗ ಆಟ ಕಡಿಮೆಯಾಗಿರುತ್ತದೆ. ಆದರೆ ಹೈವೇಗೆ ಹೋದರೆ ಓಲಾಟ ಮೊದಲಿಗಿಂತ ಜಾಸ್ತಿ!

ಯಾಕೆ ಹಾಗೆ? ಪದ್ಮಿನಿಯ ಬಾಕ್ಸಿನ ಒಳಗೆ ಸುರುಳಿಯಂಥ ಒಂದು ವರ್ಮ್ ಇದೆ, ಅದಕ್ಕೆ ಕೂತು ತಿರುಗುವ ಹಲ್ಲು ಇದೆ. ಗಾಡಿ ಹೆಚ್ಚು ಹೊತ್ತು ನೇರವಾಗಿಯೇ ಓಡುತ್ತದೆ ಅಲ್ವಾ, ಹಾಗಾಗಿ ವರ್ಮ್ ನಡುವಿನಲ್ಲಿ ಸವೆಯುತ್ತದೆ, ಅಂಗಳದ ಮುರಕಲ್ಲಿನ ಮೆಟ್ಟಿಲು ಕಾಲಿಡುವ ಜಾಗದಲ್ಲೇ ಸವೆದ ಹಾಗೆ. ಆ ಸವೆದ ಜಾಗಕ್ಕೆ ಸರಿಯಾಗಿ ಬಿಗಿ ಮಾಡಿದರೆ, ಸವೆಯದ ಎರಡೂ ಬದಿಗಳಲ್ಲಿ ಅದು ಕಚ್ಚಿ ಹಿಡಿಯುತ್ತದೆ. ಆಗ ಚಕ್ರ ತಾನಾಗಿ ನೇರಕ್ಕೆ ಬರುವುದಿಲ್ಲ. ನೀವು ಎಡಕ್ಕೆ ಚೂರು ತಿರುಗಿಸಿದರೆ ಅದು ಎಡಕ್ಕೇ ನಿಲ್ಲುತ್ತದೆ, ನೀವೇ ಬಲಕ್ಕೆ ತರಬೇಕು, ಸ್ವಲ್ಪ ಹೆಚ್ಚಾದರೆ ಮತ್ತೆ ಎಡಕ್ಕೆ, ಹೀಗೆ ಮಂಗಳೂರಿನವರೆಗೂ ಇದೇ ಕೆಲಸ. ಗಾಡಿ ಓಲಾಡುವುದು ಆಟದಿಂದ ಮಾತ್ರ ಅಲ್ಲ, ಚಕ್ರ ತಾನಾಗಿ ನೇರಕ್ಕೆ ಬಾರದಿದ್ದರೂ ಓಲಾಡುತ್ತದೆ. ಇದನ್ನು ನಾನು ಎಷ್ಟು ಸಲ ಹೇಳಿದ್ದೇನೋ.

ಖಾಲಿ ಮೈದಾನದಲ್ಲಿ ನಿಧಾನಕ್ಕೆ, 15ರಲ್ಲಿ, ತಿರುಗಿಸಿ ಕೈ ಸಡಿಲ ಬಿಡಿ. ವೀಲ್ ತಾನಾಗಿ ಹಿಂದೆ ಬರಬೇಕು. ಬಾರದಿದ್ದರೆ ಬಾಕ್ಸ್ ಬಿಗಿ ಇರಬಹುದು, ಅಥವಾ ಗ್ರೀಸ್ ಕಾಣದೆ ಕಿಂಗ್ ಪಿನ್ (ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಗೂಟ) ಒಣಗಿರಬಹುದು.

ಹಾಗಾದರೆ ಮೊದಲು ನೋಡಬೇಕಾದ್ದು ಎಂತ? ಟಯರಿನ ಗಾಳಿ, ವಯಸ್ಸು. ಮುಂದೆ ರೇಡಿಯಲ್, ಹಿಂದೆ ಹಳೆ ನೈಲಾನ್ ಟಯರ್ ಹಾಕಿದ್ದರೆ ಅದನ್ನು ಮೊದಲು ಬದಲಿಸಿ, ಉಳಿದದ್ದು ಆಮೇಲೆ ಮಾತಾಡುವ. ನಂತರ ಗಾಡಿ ನೆಲದ ಮೇಲೇ ಇರಲಿ, ಒಬ್ಬರು ವೀಲನ್ನು ಮೆಲ್ಲ ಆಚೀಚೆ ಮಾಡಲಿ, ನೀವು ಅಡಿಯಿಂದ ನೋಡಿ. ಚಕ್ರವನ್ನು ತಿರುಗಿಸುವ ಸರಳಿನ ತುದಿಯ ಕೀಲು, ಅಂದರೆ ಟೈ ರಾಡ್ ಎಂಡ್, ಆ ಸರಳುಗಳನ್ನು ಎಡಬದಿಯಲ್ಲಿ ಹಿಡಿದ ಐಡ್ಲರಿನ ಬುಷ್, ಬಾಕ್ಸನ್ನು ಬಾಡಿಗೆ ಹಿಡಿದ ಬೋಲ್ಟ್, ಇವುಗಳಲ್ಲಿ ಯಾವುದು ಸಡಿಲ ಎಂದು ನೋಡಿ. ಉಪ್ಪಳ, ಮಂಜೇಶ್ವರದ ಕಡಲ ಕರೆಯ ಗಾಡಿಗಳಲ್ಲಿ ಆ ಬೋಲ್ಟಿನ ಸುತ್ತಲಿನ ತಗಡೇ ತುಕ್ಕು ಹಿಡಿದು ಬಿರುಕು ಬಿಟ್ಟದ್ದನ್ನು ಕಂಡಿದ್ದೇನೆ. ಆಮೇಲೆ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಯಾರಾದರೂ ಬ್ರೇಕ್ ಒತ್ತಲಿ. ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಕಿಂಗ್ ಪಿನ್. ಟೈ ರಾಡ್ ಎಂಡ್ ಕೈಯಲ್ಲೇ ಕುಲುಕಿದರೆ ಗಾಡಿ ಮನೆಗೆ ಓಡಿಸಬೇಡಿ, ಅಲ್ಲೇ ನಿಲ್ಲಿಸಿ.

ಕಳೆದ ಮಳೆಗಾಲದ ಮೊದಲು ಮುಳ್ಳೇರಿಯ ಕಡೆಯ ಮಾಷ್ಟ್ರೊಬ್ಬರು ಬಂದರು, ರಿಟೈರ್ ಆದವರು. ಬೇರೆ ಕಡೆ ಎರಡು ಸಲ ಬಾಕ್ಸ್ ಟೈಟ್ ಮಾಡಿಸಿದ್ದರು. ಗಾಡಿಯನ್ನು ಬದಿಯಿಂದ ನೋಡಿದೆ, ಹಿಂಭಾಗ ಎದ್ದು ನಿಂತಿದೆ. ಅಡಿಕೆ ಗೋಣಿ ಹೇರಲಿಕ್ಕೆ ಹಿಂದಿನ ಸ್ಪ್ರಿಂಗಿಗೆ ಒಂದು ಪಟ್ಟಿ ಜಾಸ್ತಿ ಹಾಕಿಸಿದ್ದರಂತೆ. ಸೈಕಲಿನ ಮುಂದಿನ ಫೋರ್ಕ್ ಹೇಗೆ ಓರೆ ಇರುತ್ತದೋ ಹಾಗೆ ಕಿಂಗ್ ಪಿನ್ನಿನ ಮೇಲ್ತುದಿ ಚೂರು ಹಿಂದಕ್ಕೆ ವಾಲಿರುತ್ತದೆ, ಅದೇ ಕ್ಯಾಸ್ಟರ್. ಚಕ್ರವನ್ನು ತಾನಾಗಿ ನೇರಕ್ಕೆ ತರುವುದು ಅದು. ಸೈಕಲನ್ನು ಕೈ ಬಿಟ್ಟು ಓಡಿಸಲು ಆಗುವುದಕ್ಕೆ ಅದೂ ಒಂದು ಕಾರಣ. ಪದ್ಮಿನಿಯ ಎರಡು ಆಕ್ಸಲ್‌ಗಳ ನಡುವೆ 2340 ಮಿ.ಮೀ. ಹಿಂಭಾಗ 4 ಸೆಂ.ಮೀ. ಎದ್ದರೆ ಇಡೀ ಗಾಡಿ ಮುಂದಕ್ಕೆ ಬಾಗಿ ಸುಮಾರು ಒಂದು ಡಿಗ್ರಿ ಕ್ಯಾಸ್ಟರ್ ಹೋಯಿತು. ಇರುವುದೇ ಕೆಲವು ಡಿಗ್ರಿ.

ಪಟ್ಟಿ ತೆಗೆದೆ, ಐಡ್ಲರ್ ಬುಷ್ ಹೊಸದು ಹಾಕಿದೆ, ಕಿಂಗ್ ಪಿನ್ನಿಗೆ ಗ್ರೀಸ್ ಹೊಡೆದೆ, ಬಾಕ್ಸನ್ನು ಸಡಿಲ ಮಾಡಿದೆ, ಕೊನೆಗೆ ಅಲೈನ್‌ಮೆಂಟ್. ವೀಲಿನಲ್ಲಿ ಒಂದು ಬೆರಳಿನಷ್ಟು ಆಟ ಉಳಿಯಿತು. ಮಾಷ್ಟ್ರಿಗೆ ಅದು ಸಮಾಧಾನ ಆಗಲಿಲ್ಲ. ಅವರನ್ನೇ ಕೂರಿಸಿ ಹೈವೇಗೆ ಕರೆದುಕೊಂಡು ಹೋದೆ. ಮೊದಲು ನನ್ನ ಹತ್ತಿರ ಬರುವಾಗ ಇಡೀ ದಾರಿ ಮಾತಿಲ್ಲದೆ ಎರಡೂ ಕೈಯಲ್ಲಿ ವೀಲ್ ಬಿಗಿ ಹಿಡಿದು ಬಂದವರು, ಕುಂಬಳೆ ದಾಟುವಾಗ ಮೊಮ್ಮಗಳ ಕಾಲೇಜಿನ ವಿಷಯ ಹೇಳಲು ಶುರು ಮಾಡಿದರು. ಅಡಿಕೆ ಗೋಣಿಗೆ ಈಗ ಜೀಪು ಹೇಳುತ್ತಾರೆ.