ಬೆಳಗ್ಗಿನ ಟೆಂಪರೇಚರ್, ಗಲ್ಫಿನ ರಜೆ

"ಡಾಕ್ಟ್ರೇ, ಇವತ್ತು 97.8 ಬಂದಿದೆ. ಇವರು ಬೆಂಗಳೂರಿನಲ್ಲಿದ್ದಾರೆ, ರಾತ್ರಿ ಬಸ್ಸಿಗೆ ಬರಲು ಹೇಳಲಾ?"

ಗರ್ಭ ನಿಲ್ಲುವ ದಿನ ತಿಳಿಯಲೆಂದು ದಿನಾ ಬೆಳಗ್ಗೆ ಮೈಯ ಬಿಸಿ ನೋಡಿ ಬರೆದಿಡುವ ಹೆಣ್ಣುಮಕ್ಕಳಿಂದ ಇಂಥ ಮೆಸೇಜು ಬಂದಾಗಲೆಲ್ಲ ನನಗೆ ಪಾಪ ಅನ್ನಿಸುತ್ತದೆ. ಯಾಕೆಂದರೆ ಉತ್ತರ ಅವರಿಗೆ ಇಷ್ಟವಾಗುವಂಥದ್ದಲ್ಲ. ಟೆಂಪರೇಚರ್ ಏರಿದ ಮೇಲೆ ಗಂಡ ಬಸ್ಸು ಹತ್ತಿದರೆ ಆ ತಿಂಗಳ ಮಟ್ಟಿಗೆ ತಡವಾಗಿದೆ ಅಂತಲೇ ಲೆಕ್ಕ.

ಅಂಡ ಬಿಡುಗಡೆಯಾದ ಮೇಲೆ ಅಂಡಾಶಯದಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಜಾಸ್ತಿಯಾಗುತ್ತದೆ. ಅದು ಮೈಯ ಬಿಸಿಯನ್ನು ಸ್ವಲ್ಪ ಏರಿಸುತ್ತದೆ. ಹೆಚ್ಚೆಂದರೆ ಅರ್ಧದಿಂದ ಒಂದು ಡಿಗ್ರಿ ಫ್ಯಾರನ್‌ಹೀಟ್, ಅಷ್ಟೇ. ಏರಿದ್ದು ಕಣ್ಣಿಗೆ ಕಾಣುವ ಹೊತ್ತಿಗೆ ಅಂಡ ಹೊರಬಂದು ಒಂದೆರಡು ದಿನ ಕಳೆದಿರುತ್ತದೆ. ಅಂಡದ ಆಯುಸ್ಸೋ 12ರಿಂದ 24 ಗಂಟೆ. ವೀರ್ಯಾಣು ಮಾತ್ರ ಹೆಣ್ಣಿನ ಮೈಯೊಳಗೆ ಐದು ದಿನದವರೆಗೂ ಬದುಕಿರಬಲ್ಲದು. ಹಾಗಾಗಿ ಗರ್ಭ ನಿಲ್ಲುವ ದಿನಗಳೆಂದರೆ ಅಂಡ ಬಿಡುಗಡೆಗೆ ಮೊದಲಿನ ಐದು ದಿನ ಮತ್ತು ಆ ದಿನ. ಒಟ್ಟು ಆರು. ಥರ್ಮಾಮೀಟರ್ ಬಾಯಿ ಬಿಡುವುದು ಈ ಆರೂ ಮುಗಿದ ಮೇಲೆ.

ಹಾಗಾದರೆ ಸುಮ್ನೆ ಯಾಕೆ ನೋಡಬೇಕು? ಬರುವ ತಿಂಗಳಿಗಾಗಿ ನೋಡಬೇಕು.

ಒಬ್ಬರ ಪುಸ್ತಕ ಹೀಗಿದೆ ಅಂತ ಇಟ್ಟುಕೊಳ್ಳಿ. ಮುಟ್ಟಾದ ದಿನದಿಂದ ಎಣಿಸಿ 12ನೇ ದಿನದಿಂದ 17ರವರೆಗೆ 97.2, 97.4, 97.1, 97.3, 97.2, 97.3. ಆಮೇಲೆ 97.8, 97.9, 98.0. ಹಿಂದಿನ ಆರು ದಿನಕ್ಕಿಂತ ಮೇಲೆ ಹೋಗಿ ಮೂರು ದಿನ ಅಲ್ಲೇ ನಿಂತರೆ ಅಂಡ ಬಿಡುಗಡೆ ಆಗಿದೆ ಅಂತ ಧೈರ್ಯವಾಗಿ ಹೇಳಬಹುದು. ಒಂದೇ ದಿನ ಏರಿ ಮರುದಿನ ಇಳಿದದ್ದನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮೂರು ತಿಂಗಳೂ 18 ಅಥವಾ 19ನೇ ದಿನ ಏರಿದರೆ ಈಕೆಗೆ ಅಂಡ ಬಿಡುಗಡೆ 17ರ ಆಸುಪಾಸು. ಮುಂದಿನ ತಿಂಗಳು 12ನೇ ದಿನದಿಂದಲೇ ದಿನ ಬಿಟ್ಟು ದಿನ ಸೇರಿದರೆ ಸಾಕು. ಫೋನಿನ ಆ್ಯಪ್ ಇವರಿಗೂ ಅಂಡ ಬಿಡುಗಡೆ 14ನೇ ದಿನ ಅಂತಲೇ ಹೇಳೀತು. ತಾರೀಕು ಬಿಟ್ಟು ಬೇರೇನೂ ಹಾಕದಿದ್ದರೆ ಅದು ಮಾಡುವುದು ಕ್ಯಾಲೆಂಡರ್ ಲೆಕ್ಕ ಮಾತ್ರ.

ನೋಡುವ ಕ್ರಮ ಸುಲಭ, ಪಾಲಿಸುವುದು ಕಷ್ಟ. ಎಚ್ಚರವಾದ ಕೂಡಲೇ, ಹಾಸಿಗೆಯಿಂದ ಏಳುವ ಮೊದಲು, ನೀರು ಸಹ ಕುಡಿಯದೆ, ನಾಲಿಗೆಯ ಅಡಿಯಲ್ಲಿ ಇಟ್ಟು ನೋಡಬೇಕು. ಅದಕ್ಕೆ ಮೊದಲು ಕನಿಷ್ಠ ಮೂರು ಗಂಟೆ ಒಂದೇ ಸಮನೆ ನಿದ್ದೆ ಆಗಿರಬೇಕು. ದಿನಾ ಒಂದೇ ಹೊತ್ತು, ಒಂದೇ ಥರ್ಮಾಮೀಟರ್. ದಶಮಾಂಶದ ನಂತರ ಎರಡು ಅಂಕಿ ತೋರಿಸುವ ಡಿಜಿಟಲ್ ಆದರೆ ಒಳ್ಳೆಯದು. ಮಳೆಗಾಲದ ಜ್ವರ, ಮದುವೆಮನೆಯಲ್ಲಿ ನಿದ್ದೆಗೆಟ್ಟದ್ದು, ನುಂಗಿದ ಪ್ಯಾರಾಸಿಟಮಾಲ್, ಇವನ್ನೆಲ್ಲ ಆ ತಾರೀಕಿನ ಪಕ್ಕ ಬರೆದಿಡಿ. ಇಲ್ಲದಿದ್ದರೆ ಜ್ವರದ ಏರಿಕೆಯನ್ನೇ ಅಂಡದ್ದು ಅಂದುಕೊಳ್ಳುತ್ತೀರಿ. ಮಂಗಳೂರಿನ ಆಸ್ಪತ್ರೆಗಳಲ್ಲಿ ನೈಟ್ ಡ್ಯೂಟಿ ಮಾಡುವ ನರ್ಸುಗಳಿಗೆ, ಒಂದೊಂದು ದಿನ ಒಂದೊಂದು ಹೊತ್ತಿಗೆ ರಬ್ಬರ್ ಟ್ಯಾಪಿಂಗ್‌ಗೆ ಏಳುವವರಿಗೆ ನಾನು ಇದನ್ನು ಹೇಳುವುದೇ ಇಲ್ಲ. ರಂಜಾನ್ ತಿಂಗಳಲ್ಲಿ ನಸುಕಿಗೆ ಎದ್ದು ಉಂಡು ಮತ್ತೆ ಮಲಗುವ ಮನೆಗಳಲ್ಲೂ ಚಾರ್ಟ್ ಅಡ್ಡಾದಿಡ್ಡಿ ಆಗುತ್ತದೆ. ಆ ತಿಂಗಳು ಬಿಟ್ಟುಬಿಡಿ.

ಮುಂಚಿತವಾಗಿ ಸುಳಿವು ಕೊಡುವುದು ಬಿಳಿ ಸೆರಗು. ಅಂಡ ಬಿಡುಗಡೆ ಹತ್ತಿರವಾದಂತೆ ಅದು ತೆಳ್ಳಗೆ, ಜಾರುವಂತೆ, ಬೆರಳಲ್ಲಿ ಎಳೆದರೆ ನೂಲಿನ ಹಾಗೆ ಬರುವಂತೆ ಆಗುತ್ತದೆ. ಪುಸ್ತಕಗಳು ಹಸಿ ಮೊಟ್ಟೆಯ ಬಿಳಿಯ ಹಾಗೆ ಅನ್ನುತ್ತವೆ. ಮೊಟ್ಟೆಯನ್ನೇ ಒಡೆಯದ ಮನೆಗಳ ಹೆಣ್ಣುಮಕ್ಕಳಿಗೆ ನಾನು ತಲೆಗೆ ಹಾಕುವ ದಾಸವಾಳ ಸೊಪ್ಪಿನ ಗೊಂಪು ನೆನಪಿಸುತ್ತೇನೆ. ಕೂಡಲೇ ಅರ್ಥವಾಗುತ್ತದೆ. ತುರಿಕೆ, ವಾಸನೆ, ಮೊಸರಿನಂಥ ಗರಣೆ ಇದ್ದರೆ ಮಾತ್ರ ಅದು ಸೋಂಕು, ಬಂದು ತೋರಿಸಿ.

ಮೆಡಿಕಲ್‌ನಲ್ಲಿ ಸಿಗುವ ಓವ್ಯುಲೇಶನ್ ಕಿಟ್ ಕೂಡ ಮುಂದಾಗಿ ಹೇಳುತ್ತದೆ. ಮೂತ್ರದಲ್ಲಿ ಎಲ್‌ಎಚ್ ಹಾರ್ಮೋನು ಏರಿದ್ದನ್ನು ಅದು ತೋರಿಸುತ್ತದೆ. ಏರಿಕೆ ಶುರುವಾಗಿ ಸಾಮಾನ್ಯವಾಗಿ 24ರಿಂದ 36 ಗಂಟೆಯಲ್ಲಿ ಅಂಡ ಬಿಡುಗಡೆ. ಎರಡನೇ ಗೆರೆ ಮೊದಲನೆಯದರಷ್ಟೇ ಗಾಢವಾಗಿರಬೇಕು, ಮಸುಕು ಗೆರೆ ನಂಬಬೇಡಿ. ಪಿಸಿಓಎಸ್ (ಹಾರ್ಮೋನು ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ) ಇರುವವರಲ್ಲಿ ಎಲ್‌ಎಚ್ ಯಾವಾಗಲೂ ಮೇಲೆಯೇ ಇರುವುದುಂಟು, ಕಿಟ್ ಸುಳ್ಳು ಹೇಳೀತು.

ಈಗ ಗಲ್ಫಿನ ವಿಷಯ. ಮಂಜೇಶ್ವರ, ಕುಂಬಳೆ ಕಡೆಯ ಎಷ್ಟೋ ಮನೆಗಳಲ್ಲಿ ಗಂಡ ಬರುವುದು ವರ್ಷಕ್ಕೊಮ್ಮೆ, ತಿಂಗಳ ರಜೆಗೆ. "ಮದುವೆಯಾಗಿ ಮೂರು ವರ್ಷ, ಇನ್ನೂ ವಿಶೇಷ ಏನೂ ಇಲ್ಲ" ಅಂತ ಅತ್ತೆ ಸೊಸೆಯನ್ನು ಕರೆದುಕೊಂಡು ಬರುತ್ತಾರೆ. ನಾನು ಮೊದಲು ಕೇಳುವುದು ಮೂರು ವರ್ಷದಲ್ಲಿ ಒಟ್ಟಿಗೆ ಇದ್ದದ್ದು ಎಷ್ಟು ದಿನ ಅಂತ. ಕೂಡಿಸಿದರೆ ಮೂರು ನಾಲ್ಕು ತಿಂಗಳು. ಒಂದು ವರ್ಷ ಪ್ರಯತ್ನಿಸಿ ಆಗದಿದ್ದರೆ ತಪಾಸಣೆ ಅಂತ ನಾವು ಹೇಳುವ ಲೆಕ್ಕ ಒಟ್ಟಿಗೆ ಬಾಳುವವರದ್ದು. ಆ ಹುಡುಗಿಗೆ ಈಗಲೇ ಬಂಜೆತನದ ಹಣೆಪಟ್ಟಿ ಹಚ್ಚಬಾರದು ಅಲ್ವಾ?

ಚಾರ್ಟ್ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ. 28 ದಿನಕ್ಕೆ ಸರಿಯಾಗಿ ಮುಟ್ಟಾಗುವವರಿಗೆ 30 ದಿನದ ರಜೆ ಯಾವಾಗ ಸಿಕ್ಕಿದರೂ ಆ ಆರು ದಿನ ಒಳಗೆ ಬಂದೇ ಬರುತ್ತವೆ. ಕೆಲವೊಮ್ಮೆ ಅರ್ಧ ರಜೆಯ ಶುರುವಿಗೆ, ಅರ್ಧ ಕೊನೆಗೆ. ಆದರೆ 40 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಅಂಡ ಬಿಡುಗಡೆ 26ರ ಹೊತ್ತಿಗೆ. ಗಂಡ 27ನೇ ದಿನ ಬಂದು ತಿಂಗಳಿದ್ದು ಹೋದರೆ ಇಡೀ ರಜೆಯಲ್ಲಿ ಒಂದೂ ಒಳ್ಳೆಯ ದಿನ ಸಿಗುವುದಿಲ್ಲ. ಹದಿನೈದೇ ದಿನದ ರಜೆಯಾದರೆ 28 ದಿನದವರಿಗೂ ಇದೇ ಗತಿ ಆಗಬಹುದು. ಆದ್ದರಿಂದ ಟಿಕೆಟ್ ಬುಕ್ ಮಾಡುವ ಮೊದಲೇ ಮೂರು ತಿಂಗಳ ಚಾರ್ಟ್ ಕೈಯಲ್ಲಿರಲಿ. ಬಂದಿಳಿಯುವ ದಿನವನ್ನು ಒಂದು ವಾರ ಹಿಂದೆ ಮುಂದೆ ಮಾಡಿದರೂ ವ್ಯತ್ಯಾಸವಾಗುತ್ತದೆ.

ಗಂಡಸರು ಬಂದ ಮೊದಲ ವಾರದಲ್ಲೇ ವೀರ್ಯ ಪರೀಕ್ಷೆ ಮಾಡಿಸಿಕೊಳ್ಳಲಿ. ಅದಕ್ಕೆ ಮೊದಲು ಎರಡರಿಂದ ಏಳು ದಿನ ವೀರ್ಯ ಹೊರಹೋಗದೆ ಇರಬೇಕು, ಆ ಆರು ದಿನಗಳಿಗೆ ಅಡ್ಡ ಬಾರದಂತೆ ತಾರೀಕು ನೋಡಿಕೊಳ್ಳಿ. ಅಲ್ಲೇ ದುಬೈಯಲ್ಲೋ ಶಾರ್ಜಾದಲ್ಲೋ ಮಾಡಿಸಿ ರಿಪೋರ್ಟು ತಂದರೂ ಸರಿ. ಹೆಂಡತಿಗೆ ಇದ್ದಬದ್ದ ಸ್ಕ್ಯಾನೆಲ್ಲ ಮುಗಿದಿರುತ್ತದೆ, ಗಂಡನಿಗೆ ಈ ಒಂದು ಪರೀಕ್ಷೆ ಆಗಿರುವುದಿಲ್ಲ. ಇದು ನನಗೆ ಸಿಟ್ಟು ಬರಿಸುವ ವಿಷಯ. ಬೇಕರಿಯ ಒಲೆಯ ಎದುರು ದಿನವಿಡೀ ನಿಲ್ಲುವವರಲ್ಲಿ ಶಾಖದಿಂದ ವೀರ್ಯಾಣು ಕಡಿಮೆಯಾಗಬಹುದು. ಅದು ಸುಧಾರಿಸಲು ಎರಡು ಮೂರು ತಿಂಗಳು ಬೇಕು, ರಜೆ ಅಷ್ಟರಲ್ಲಿ ಮುಗಿದಿರುತ್ತದೆ. ವೀರ್ಯವನ್ನು ಫ್ರೀಜ್ ಮಾಡಿ ಇಟ್ಟು ಹೋಗುವ ದಾರಿಯೂ ಉಂಟು, ಇಬ್ಬರ ಲಿಖಿತ ಒಪ್ಪಿಗೆ ಬೇಕು.

ಮೂರು ತಿಂಗಳ ಚಾರ್ಟೂ ಏರದೆ ಸಪಾಟಾಗಿದ್ದರೆ ಗಾಬರಿ ಬೇಡ, ಆದರೆ ಕಾಯಲೂ ಬೇಡ. ಅಂಡ ಬಿಡುಗಡೆ ಆಗುತ್ತಿದ್ದರೂ ಕೆಲವರಲ್ಲಿ ಏರಿಕೆ ಸರಿಯಾಗಿ ಕಾಣುವುದಿಲ್ಲ. ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನು) ರಕ್ತಪರೀಕ್ಷೆ ಮತ್ತು ಅಂಡ ಬೆಳೆಯುವುದನ್ನು ನೋಡುವ ಸ್ಕ್ಯಾನ್ ಮಾಡಿದರೆ ಗೊತ್ತಾಗುತ್ತದೆ. ವಯಸ್ಸು 35 ದಾಟಿದವರು ವರ್ಷ ಕಾಯದೆ ಆರು ತಿಂಗಳಿಗೇ ಬನ್ನಿ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುವವರು ಇವತ್ತೇ ಬನ್ನಿ.

ಇನ್ನು ಏರಿದ ಟೆಂಪರೇಚರ್ 18 ದಿನವಾದರೂ ಇಳಿಯದೆ, ಮುಟ್ಟೂ ಆಗದಿದ್ದರೆ ಮನೆಯಲ್ಲೇ ಪ್ರೆಗ್ನೆನ್ಸಿ ಟೆಸ್ಟ್ ಮಾಡಿ ನೋಡಿ. ಪ್ರಯತ್ನ ಶುರು ಮಾಡುವುದಕ್ಕೆ ಒಂದು ತಿಂಗಳ ಮೊದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ತೆಗೆದುಕೊಳ್ಳಲು ಶುರು ಮಾಡಿ. ಸಕ್ಕರೆ ಕಾಯಿಲೆ ಇರುವವರಿಗೆ ಅಥವಾ ಫಿಟ್ಸ್‌ಗೆ ಮಾತ್ರೆ ತೆಗೆದುಕೊಳ್ಳುವವರಿಗೆ ಪ್ರಮಾಣ ಬೇರೆ, ಅವರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು.