ಬೆಣ್ಣೆ ಜಗಳದಲ್ಲಿ ಊರು ಬಿಟ್ಟ ಪ್ರೊಫೆಸರ್

1940ರ ದಶಕದಲ್ಲಿ ಅಮೆರಿಕದ ಅಂಗಡಿಯಿಂದ ಬೆಣ್ಣೆಯ ಬದಲಿಗೆ ಬಳಸುವ ಮಾರ್ಗರಿನ್ ತಂದರೆ ಸಿಗುತ್ತಿದ್ದದ್ದು ಒಂದು ಬಿಳಿ ಗಟ್ಟಿ. ನೋಡಲು ನಮ್ಮ ವನಸ್ಪತಿ ಥರ. ಜೊತೆಗೆ ಒಂದು ಚಿಕ್ಕ ಪೊಟ್ಟಣದಲ್ಲಿ ಹಳದಿ ಬಣ್ಣ ಇರುತ್ತಿತ್ತು. ಗಟ್ಟಿಯನ್ನು ಬೋಗುಣಿಗೆ ಹಾಕಿ, ಮೆತ್ತಗಾಗುವ ತನಕ ಕಾದು, ಬಣ್ಣ ಸುರಿದು, ಚಪಾತಿ ಹಿಟ್ಟು ನಾದಿದ ಹಾಗೆ ನಾದಬೇಕು. ನಾದಿದ್ದು ಸಾಲದಿದ್ದರೆ ಗೆರೆ ಗೆರೆಯಾಗಿ ಉಳಿಯುತ್ತಿತ್ತು. ಬಹಳಷ್ಟು ಮನೆಗಳಲ್ಲಿ ಇದು ಮಕ್ಕಳ ಕೆಲಸ.

ಬಣ್ಣವನ್ನು ಕಾರ್ಖಾನೆಯಲ್ಲೇ ಹಾಕಿ ಕಳಿಸಬಹುದಿತ್ತಲ್ವಾ? ಹಾಕಬಹುದಿತ್ತು. ಆದರೆ ಹಳದಿ ಮಾರ್ಗರಿನ್‌ಗೆ ಪೌಂಡಿಗೆ 10 ಸೆಂಟ್ ತೆರಿಗೆ, ಬಿಳಿಯದಕ್ಕೆ ಬರೀ ಕಾಲು ಸೆಂಟ್. ಹಳದಿಯಾದರೆ ಅದು ಬೆಣ್ಣೆಯಂತೆಯೇ ಕಾಣುತ್ತದಲ್ಲ, ಅದಕ್ಕೇ ಬಂದ 1902ರ ಕಾನೂನು ಇದು. ಹಸುವಿನ ಬೆಣ್ಣೆಯೂ ಚಳಿಗಾಲದಲ್ಲಿ ಹಸಿ ಮೇವಿಲ್ಲದೆ ಬಿಳಿಚಿಕೊಳ್ಳುತ್ತದೆ. ಅದಕ್ಕೆ ಬಣ್ಣ ಹಾಕಿದರೆ ಯಾರೂ ಕೇಳುತ್ತಿರಲಿಲ್ಲ.

ಈ ಹಳದಿ ಜಗಳದಲ್ಲೇ ಐಯೋವಾ ರಾಜ್ಯದ ಒಬ್ಬ ಕೃಷಿ ಅರ್ಥಶಾಸ್ತ್ರದ ಪ್ರೊಫೆಸರ್ 1943ರಲ್ಲಿ ಕೆಲಸ ಬಿಟ್ಟರು. ಹೆಸರು ಥಿಯೋಡರ್ ಷುಲ್ಟ್ಜ್. 36 ವರ್ಷ ಕಳೆದ ಮೇಲೆ ಅವರಿಗೆ ನೊಬೆಲ್ ಬಂತು. ನೊಬೆಲ್ ಕಥೆಯನ್ನು ತುಂಬ ಜನ ಬರೆದಿದ್ದಾರೆ. ನನಗೆ ಜಾಸ್ತಿ ಕುತೂಹಲ ಇರುವುದು ಆ ರಾಜೀನಾಮೆಯ ಮೇಲೆ. ರೈತರಿಗಾಗಿಯೇ ಕಟ್ಟಿದ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಏನು ಬೇಕಾದರೂ ಹೇಳಬಹುದು. ಬೆಲೆಯ ವಿಷಯಕ್ಕೆ ಬಂದಾಗ ಮಾತ್ರ ಕಷ್ಟ.

ಷುಲ್ಟ್ಜ್ ಹುಟ್ಟಿದ್ದು 1902ರಲ್ಲಿ, ದಕ್ಷಿಣ ಡಕೋಟಾದಲ್ಲಿ, 560 ಎಕರೆಯ ಜಮೀನಿನಲ್ಲಿ. ನಮಗೆ ಇದು ಜಮೀನ್ದಾರಿಕೆ ಅನ್ನಿಸುತ್ತದೆ. ಅಲ್ಲಿನ ಒಣ ಬಯಲಿನಲ್ಲಿ ಅದು ಸಾಧಾರಣ ಒಕ್ಕಲುತನ. ಎಂಟನೇ ತರಗತಿ ಆದ ಮೇಲೆ ಅಪ್ಪ ಹುಡುಗನನ್ನು ಶಾಲೆ ಬಿಡಿಸಿದರು. ಹಿರೀ ಮಗ ಓದಿದರೆ ಹೊಲಕ್ಕೆ ವಾಪಸ್ ಬರಲ್ಲ ಅನ್ನುವ ಭಯ. ನಮ್ಮ ಹಳ್ಳಿಗಳಲ್ಲೂ ಕೇಳಿದ ಮಾತೇ. ಹೈಸ್ಕೂಲಿನ ಮುಖ ನೋಡದ ಹುಡುಗ ಕೆಲವು ವರ್ಷದ ನಂತರ ದಕ್ಷಿಣ ಡಕೋಟಾ ಸ್ಟೇಟ್ ಕಾಲೇಜಿನ ಚಳಿಗಾಲದ ಕೃಷಿ ಕೋರ್ಸಿಗೆ ಸೇರಿದ. ವರ್ಷಕ್ಕೆ ನಾಲ್ಕೇ ತಿಂಗಳ ಪಾಠ, ಉಳಿದ ತಿಂಗಳು ಹೊಲದ ಕೆಲಸ. ಅಲ್ಲಿಂದ ಪದವಿ, ಆಮೇಲೆ ವಿಸ್ಕಾನ್ಸಿನ್‌ನಲ್ಲಿ 1930ಕ್ಕೆ ಪಿಎಚ್‌ಡಿ. ಅಪ್ಪನ ಭಯ ನಿಜವಾಯಿತು. ಮಗ ಹೊಲಕ್ಕೆ ವಾಪಸ್ ಬರಲೇ ಇಲ್ಲ.

ಅದೇ ವರ್ಷ ಏಮ್ಸ್ ಪಟ್ಟಣದ ಐಯೋವಾ ಸ್ಟೇಟ್ ಕಾಲೇಜಿನಲ್ಲಿ ಕೆಲಸ. 1934ರಲ್ಲಿ, 32ನೇ ವಯಸ್ಸಿಗೆ, ವಿಭಾಗದ ಮುಖ್ಯಸ್ಥ. ಆಗ ದೇಶದಲ್ಲೆಲ್ಲಾ ಆರ್ಥಿಕ ಕುಸಿತ. ಮೆಕ್ಕೆಜೋಳ ಬೆಳೆದು ಹಂದಿ ಸಾಕುವ ಊರಿನ ಕೃಷಿ ಕಾಲೇಜು ಅಂದರೆ ಜನ ಬಯಸುತ್ತಿದ್ದದ್ದು ಖರ್ಚು ವೆಚ್ಚದ ಲೆಕ್ಕ, ಸುಮ್ನೆ ಒಂದಿಷ್ಟು ಸಲಹೆ. ಷುಲ್ಟ್ಜ್ ಅಷ್ಟಕ್ಕೆ ನಿಲ್ಲಲಿಲ್ಲ. ಒಳ್ಳೆಯ ತರುಣರನ್ನು ಹುಡುಕಿ ಹುಡುಕಿ ತಂದರು. 1936ರಲ್ಲಿ ಜಾರ್ಜ್ ಸ್ಟಿಗ್ಲರ್ ಮೊದಲ ಮೇಷ್ಟರ ಕೆಲಸಕ್ಕೆ ಸೇರಿದ್ದು ಇಲ್ಲೇ. 1982ರಲ್ಲಿ ಅವರಿಗೂ ನೊಬೆಲ್ ಬಂತು. ಆಡಳಿತಗಾರನನ್ನು ಅಳೆಯಲು ಅವನು ಸಹಿ ಹಾಕಿದ ಫೈಲುಗಳಿಗಿಂತ ಅವನು ತಂದ ಜನರನ್ನು ನೋಡುವುದು ವಾಸಿ.

ಜಗಳ ಅರ್ಥವಾಗಬೇಕಾದರೆ ಈ ಕಾಲೇಜುಗಳಿಗೆ ದುಡ್ಡು ಎಲ್ಲಿಂದ ಬರುತ್ತಿತ್ತು ಅಂತ ನೋಡಬೇಕು. 1862ರ ಮೊರಿಲ್ ಕಾಯ್ದೆಯಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಜಮೀನು ಕೊಟ್ಟಿತು. ಅದನ್ನು ಮಾರಿ ಕೃಷಿ ಮತ್ತು ಎಂಜಿನಿಯರಿಂಗ್ ಕಾಲೇಜು ಕಟ್ಟಿ ಅಂದಿತು. ಈ ಷರತ್ತನ್ನು ಮೊದಲು ಒಪ್ಪಿದ ರಾಜ್ಯವೇ ಐಯೋವಾ. 1887ರಲ್ಲಿ ಸಂಶೋಧನಾ ಕೇಂದ್ರಗಳಿಗೆ ಹಣ ಬಂತು, 1914ರಲ್ಲಿ ವಿಸ್ತರಣಾ ಕೆಲಸಕ್ಕೆ. ಕಾಲೇಜಿನಲ್ಲಿ ಕಂಡುಕೊಂಡದ್ದನ್ನು ಹಳ್ಳಿಗೆ ಮುಟ್ಟಿಸುವ ಕೌಂಟಿ ಏಜೆಂಟರ ವ್ಯವಸ್ಥೆ ಹೀಗೆ ಶುರುವಾಯಿತು. ಐಯೋವಾದಲ್ಲಿ ಈ ಏಜೆಂಟರ ಬೆನ್ನಿಗೆ ಫಾರ್ಮ್ ಬ್ಯೂರೋ ಎಂಬ ರೈತ ಸಂಘಟನೆ ಇತ್ತು. 1950ರ ದಶಕದ ತನಕ ಖರ್ಚಿನ ಒಂದು ಪಾಲನ್ನು ಅದೇ ಕೊಡುತ್ತಿತ್ತು. ಹಾಗಾಗಿ ಫಾರ್ಮ್ ಬ್ಯೂರೋ ಸಿಟ್ಟಾದರೆ ಕಾಲೇಜಿನ ಅಧ್ಯಕ್ಷರಿಗೆ ನಿದ್ದೆ ಬರುತ್ತಿರಲಿಲ್ಲ. ಶಾಸನಸಭೆಯಲ್ಲಿ ಕೂತಿದ್ದವರಲ್ಲೂ ಬಹಳ ಜನ ರೈತರೇ.

ಎರಡನೇ ಮಹಾಯುದ್ಧ ಬಂತು. ಸೈನ್ಯಕ್ಕೆ, ಮಿತ್ರ ದೇಶಗಳಿಗೆ ಆಹಾರ ಬೇಕು. ಹೊಲದಲ್ಲಿ ಆಳುಗಳಿಲ್ಲ. 1943ರ ಮಾರ್ಚ್ ಕೊನೆಗೆ ಬೆಣ್ಣೆ ಪಡಿತರಕ್ಕೆ ಹೋಯಿತು. ಷುಲ್ಟ್ಜ್ ವಿಭಾಗ ಯುದ್ಧಕಾಲದ ಆಹಾರ ನೀತಿಯ ಮೇಲೆ ಚಿಕ್ಕ ಚಿಕ್ಕ ಪುಸ್ತಿಕೆ ತರುತ್ತಿತ್ತು. ಅದರಲ್ಲಿ ಐದನೆಯದನ್ನು ಬರೆದವರು ಓಸ್ವಾಲ್ಡ್ ಬ್ರೌನ್ಲೀ ಎಂಬ ಯುವ ಸಂಶೋಧಕ. ವಿಷಯ ಹೈನುಗಾರಿಕೆ.

ಬ್ರೌನ್ಲೀ ವಾದದಲ್ಲಿ ಗುಟ್ಟೇನಿಲ್ಲ. ಆ ಕಾಲದ ಎಷ್ಟೋ ರೈತರು ಮನೆಯಲ್ಲೇ ಕೆನೆ ತೆಗೆದು ಬೆಣ್ಣೆ ಮಾಡುವ ಕಾರ್ಖಾನೆಗೆ ಮಾರುತ್ತಿದ್ದರು. ಉಳಿದ ಹಾಲು ಹಂದಿ, ಕರುಗಳ ಪಾಲು. ಹಾಲಿನ ಒಳ್ಳೆಯ ಸತ್ವದಲ್ಲಿ ಬಹುಪಾಲು ಇರುವುದು ಆ ಉಳಿದ ಹಾಲಿನಲ್ಲೇ. ಯುದ್ಧಕಾಲದಲ್ಲಿ ಹಾಲನ್ನು ಹಾಲಾಗಿಯೇ ಜನ ಕುಡಿಯಲಿ, ಬ್ರೆಡ್ಡಿಗೆ ಹಚ್ಚಲು ಎಣ್ಣೆಬೀಜದ ಮಾರ್ಗರಿನ್ ಬಳಸಲಿ, ಅದರ ಮೇಲಿನ ಅಡ್ಡಗಾಲು ಕಾನೂನುಗಳನ್ನು ತೆಗೆಯಲಿ ಅಂದರು. ಪೌಷ್ಟಿಕತೆಯಲ್ಲಿ, ರುಚಿಯಲ್ಲಿ ಮಾರ್ಗರಿನ್ ಬೆಣ್ಣೆಗೆ ಸಾಟಿಯಾಗಿ ನಿಲ್ಲುತ್ತದೆ ಅಂತಲೂ ಸೇರಿಸಿದರು. ಕಿಡಿ ಹತ್ತಿದ್ದು ಈ ಕೊನೇ ಮಾತಿಗೆ.

ಹೈನು ಸಂಘಗಳು ಎದ್ದು ನಿಂತವು. ಫಾರ್ಮ್ ಬ್ಯೂರೋ ಜೊತೆಗೂಡಿತು. ನಮ್ಮ ತೆರಿಗೆಯಲ್ಲಿ ನಡೆಯುವ ಕಾಲೇಜು ನಮ್ಮ ಬೆಣ್ಣೆಯನ್ನೇ ಹೀಗಳೆಯುವುದೇ? ಉಂಡ ಮನೆಯ ಜಂತೆ ಎಣಿಸಿದ ಹಾಗಾಯಿತು ಅನ್ನುವ ಸಿಟ್ಟು ಅವರದು. ತಮಾಷೆ ಅಂದರೆ ಅದೇ ಐಯೋವಾ ಆಗ ಸೋಯಾಬೀನ್ ಹೇರಳವಾಗಿ ಬೆಳೆಯುತ್ತಿತ್ತು, ಮಾರ್ಗರಿನ್ ಎಣ್ಣೆ ಬರುತ್ತಿದ್ದದ್ದು ಅದರಿಂದಲೂ ಹೌದು. ಅಂದರೆ ಪುಸ್ತಿಕೆಯಿಂದ ಐಯೋವಾದ ಒಬ್ಬ ರೈತನಿಗೆ ನಷ್ಟವಾದರೆ ಇನ್ನೊಬ್ಬನಿಗೆ ಲಾಭ. ಆದರೆ ಸೋಯಾ ಬೆಳೆಗಾರರ ಕೂಗು ಹೈನುಗಾರರಷ್ಟು ಜೋರಿರಲಿಲ್ಲ. ರೈತರ ಹಿತ ಅಂತ ಯಾರಾದರೂ ಅಂದಾಗ ಯಾವ ರೈತರು ಅಂತ ಕೇಳುವ ಅಭ್ಯಾಸ ನನಗೆ ಬಂದದ್ದು ಈ ಕಥೆ ಓದಿದ ಮೇಲೆ.

ಅಧ್ಯಕ್ಷ ಚಾರ್ಲ್ಸ್ ಫ್ರೈಲಿ ಒತ್ತಡಕ್ಕೆ ಬಾಗಿದರು. ಸಮಿತಿ ಕೂತಿತು, ಪುಸ್ತಿಕೆ ವಾಪಸ್ ಹೋಯಿತು, ತಿದ್ದಿ ಮತ್ತೆ ತರುತ್ತೇವೆ ಅಂತ ಮಾತಾಯಿತು. ಷುಲ್ಟ್ಜ್ ಈಗ ಏನು ಮಾಡಬಹುದಿತ್ತು? ಪುಸ್ತಿಕೆ ಅವರದಲ್ಲ. ಹುಡುಗ ಸ್ವಲ್ಪ ಅವಸರಪಟ್ಟ ಅಂತ ಕೈತೊಳೆದುಕೊಂಡಿದ್ದರೆ ಕುರ್ಚಿ ಭದ್ರವಾಗಿರುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಹೊರಗಿನವರ ಕೂಗಿಗೆ ಸಂಶೋಧನೆ ತಿದ್ದುವ ಜಾಗದಲ್ಲಿ ಇರಲಾರೆ ಅಂತ ಅದೇ ಸೆಪ್ಟೆಂಬರ್‌ನಲ್ಲಿ ರಾಜೀನಾಮೆ ಕೊಟ್ಟು ಷಿಕಾಗೋ ವಿಶ್ವವಿದ್ಯಾಲಯಕ್ಕೆ ಹೊರಟರು. ಹಿಂದೆಯೇ ಇನ್ನೂ ಕೆಲವರು ಏಮ್ಸ್ ಬಿಟ್ಟರು. ಡಿ. ಗೇಲ್ ಜಾನ್ಸನ್ ಷಿಕಾಗೋಗೆ ಹೋದರು. ಬ್ರೌನ್ಲೀ ಮುಂದೆ ಮಿನ್ನೆಸೋಟಾದಲ್ಲಿ ನೆಲೆಯಾದರು. ತಿದ್ದಿದ ಪುಸ್ತಿಕೆ 1944ರಲ್ಲಿ ಬಂತು. ಮಾತು ಮೆತ್ತಗಾಗಿತ್ತು, ಮುಖ್ಯ ತೀರ್ಮಾನ ಹೆಚ್ಚುಕಡಿಮೆ ಹಾಗೇ ಇತ್ತು!

ಎಲ್ಲರೂ ಹೋಗಲಿಲ್ಲ ಅನ್ನುವುದನ್ನೂ ಹೇಳಬೇಕು. ಅರ್ಲ್ ಹೆಡಿ ಅಲ್ಲೇ ಉಳಿದರು. ಗಣಿತದ ಮಾದರಿಗಳನ್ನು ಕೃಷಿಗೆ ತಂದು, ದೇಶ ವಿದೇಶದ ವಿದ್ಯಾರ್ಥಿಗಳನ್ನು ತಯಾರು ಮಾಡಿ ದೊಡ್ಡ ಹೆಸರು ಮಾಡಿದರು. ಇವತ್ತು ಏಮ್ಸ್‌ನ ಅರ್ಥಶಾಸ್ತ್ರ ವಿಭಾಗ ಇರುವ ಕಟ್ಟಡಕ್ಕೆ ಹೆಡಿ ಹಾಲ್ ಅಂತಲೇ ಹೆಸರು. ಹೊರಟವನದು ಮಾತ್ರ ಧೈರ್ಯ, ಉಳಿದವನದು ರಾಜಿ ಅಂತ ಹೇಳಿಬಿಡುವುದು ಸುಲಭ. ನನಗೆ ಹಾಗನ್ನಿಸಲ್ಲ.

ಷಿಕಾಗೋ ಖಾಸಗಿ ವಿಶ್ವವಿದ್ಯಾಲಯ. ಅಲ್ಲಿ ಬೆಣ್ಣೆಯವರ ಕಾಟವಿಲ್ಲ. 1946ರಿಂದ 1961ರ ತನಕ, 15 ವರ್ಷ, ಷುಲ್ಟ್ಜ್ ಅರ್ಥಶಾಸ್ತ್ರ ವಿಭಾಗದ ಅಧ್ಯಕ್ಷರಾಗಿದ್ದರು. ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಅಲ್ಲಿಗೆ ಪಾಠಕ್ಕೆ ಬಂದದ್ದು 1946ರಲ್ಲೇ. ಮುಕ್ತ ಮಾರುಕಟ್ಟೆಯ ಪರ ವಾದಿಸುವ ಷಿಕಾಗೋ ಪಂಥ ಅಂದಾಗ ಎಲ್ಲರ ಬಾಯಲ್ಲೂ ಬರುವುದು ಫ್ರೀಡ್‌ಮನ್ ಹೆಸರು. ಆ ವಿಭಾಗ ಬೆಳೆದ ವರ್ಷಗಳಲ್ಲಿ ಕುರ್ಚಿಯಲ್ಲಿದ್ದದ್ದು ಹೈಸ್ಕೂಲ್ ಓದದ ರೈತನ ಮಗ.

ಯುದ್ಧ ಮುಗಿಯುವ ಹೊತ್ತಿನಲ್ಲಿ ಅಲಬಾಮಾದ ಹಳ್ಳಿಗಳಲ್ಲಿ ಓಡಾಡುವಾಗ ಅವರಿಗೆ ಒಬ್ಬ ಮುದುಕ, ಮುದುಕಿ ಸಿಕ್ಕರು. ಸವೆದ ಜಮೀನು, ಬಡತನದ ಮನೆ. ಆದರೆ ಮುಖದಲ್ಲಿ ನೆಮ್ಮದಿ. ಯಾಕೆ ಅಂದರೆ, ಇದ್ದದ್ದನ್ನೆಲ್ಲಾ ಹಾಕಿ ಮಕ್ಕಳನ್ನು ಕಾಲೇಜು ಓದಿಸಿದ್ದೇವೆ ಅಂದರು. ಇದು ಖರ್ಚಲ್ಲ, ಬಂಡವಾಳ ಅನ್ನುವ ಯೋಚನೆ ಅಲ್ಲಿಂದ ಹುಟ್ಟಿತು ಅಂತ ಷುಲ್ಟ್ಜ್ ಹೇಳುತ್ತಿದ್ದರು. 1960ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞರ ಸಂಘದ ಅಧ್ಯಕ್ಷ ಭಾಷಣದಲ್ಲಿ ಅವರು ಇದನ್ನೇ ಮಂಡಿಸಿದರು. ಇವತ್ತು ಮಂತ್ರಿಗಳ ಬಜೆಟ್ ಭಾಷಣದಲ್ಲೂ ಮಾನವ ಬಂಡವಾಳ ಅನ್ನುವ ಮಾತು ಬರುತ್ತದೆ. ಆಗ ಮನುಷ್ಯನನ್ನು ಯಂತ್ರದ ಜೊತೆ ತೂಗುತ್ತಿದ್ದಾರೆ ಅಂತ ಮುಖ ಸಿಂಡರಿಸಿದವರೂ ಇದ್ದರು. ಷುಲ್ಟ್ಜ್‌ಗೆ ಶಾಲೆ ಬಿಡಿಸಿದ ಅಪ್ಪ ನೆನಪಾದರೋ ಏನೋ.

ಇಲ್ಲಿಂದ ಕಥೆ ನಮ್ಮ ಕಡೆ ತಿರುಗುತ್ತದೆ. ಹಳ್ಳಿಯಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಕೈಗಳಿವೆ, ಕೆಲವರು ಹೊರಟರೂ ಬೆಳೆ ಕಮ್ಮಿಯಾಗಲ್ಲ ಅನ್ನುವುದು ಆಗಿನ ದೊಡ್ಡ ಅರ್ಥಶಾಸ್ತ್ರಜ್ಞರ ನಂಬಿಕೆ. 1964ರಲ್ಲಿ ಷುಲ್ಟ್ಜ್ ಇದನ್ನು ಅಲ್ಲಗಳೆದರು. ಉದಾಹರಣೆಗೆ ಹಿಡಿದದ್ದು ಭಾರತವನ್ನು. 1918ರ ಇನ್‌ಫ್ಲುಯೆಂಜಾದಲ್ಲಿ ಇಲ್ಲಿ ಕೋಟಿಗೂ ಹೆಚ್ಚು ಜನ ಸತ್ತರು. ಕೈಗಳು ನಿಜವಾಗಿ ಹೆಚ್ಚಿದ್ದರೆ ಬಿತ್ತನೆ ಕಮ್ಮಿಯಾಗಬಾರದಿತ್ತು, ಆದರೆ ಆಯಿತು ಅಂತ ತೋರಿಸಿದರು. ಉತ್ತರ ಪ್ರದೇಶದ ಸೇನಾಪುರ ಎಂಬ ಹಳ್ಳಿಯ ಲೆಕ್ಕವನ್ನೂ ತಂದರು. ಡೇವಿಡ್ ಹಾಪರ್ ಎಂಬ ಸಂಶೋಧಕ 1950ರ ದಶಕದಲ್ಲಿ ಅಲ್ಲೇ ಉಳಿದು, ಗೋಧಿ, ಬಾರ್ಲಿ, ಬಟಾಣಿ, ಕಡಲೆಗೆ ರೈತರು ನೆಲ, ನೀರು, ಎತ್ತುಗಳನ್ನು ಹೇಗೆ ಹಂಚುತ್ತಾರೆ ಅಂತ ಅಳೆದಿದ್ದರು. ಕೈಲಿ ಇರುವುದರಲ್ಲಿ ಅವರು ಎಳ್ಳಷ್ಟೂ ಪೋಲು ಮಾಡುತ್ತಿರಲಿಲ್ಲ. ಬಡ ರೈತ ದಡ್ಡನಲ್ಲ, ಅವನ ಕೈಗೆ ಹೊಸ ಬೀಜ, ಹೊಸ ತಿಳಿವಳಿಕೆ ಬಂದಿಲ್ಲ ಅಷ್ಟೇ ಅನ್ನುವುದು ಷುಲ್ಟ್ಜ್ ವಾದ.

ಎಲ್ಲರೂ ತಲೆಯಾಡಿಸಲಿಲ್ಲ. 1967ರಲ್ಲಿ ಅಮರ್ತ್ಯ ಸೇನ್ ಆ ಇನ್‌ಫ್ಲುಯೆಂಜಾ ಲೆಕ್ಕಕ್ಕೇ ಕೈಹಾಕಿದರು. ರೋಗ ಪ್ರತಿ ಮನೆಯಿಂದ ಒಬ್ಬೊಬ್ಬರನ್ನು ಎಣಿಸಿ ಕೊಂಡೊಯ್ಯಲ್ಲ. ಒಂದು ಮನೆ ಪೂರ್ತಿ ಮಲಗಿದರೆ ಆ ಹೊಲ ಬೀಳು ಬೀಳುತ್ತದೆ, ಪಕ್ಕದ ಮನೆಯ ಹೆಚ್ಚುವರಿ ಕೈಗಳು ಅಲ್ಲಿಗೆ ಹೋಗಲ್ಲ. ಇಲ್ಲಿ ನನ್ನ ಓಟು ಸೇನ್ ಅವರಿಗೆ. ಹಳ್ಳಿ ಕಂಡವರಿಗೆ ಇದು ಬೇಗ ಹೊಳೆಯುತ್ತದೆ.

ಇನ್ನೊಂದು ವಿಷಯದಲ್ಲಿ ಮಾತ್ರ ಷುಲ್ಟ್ಜ್ ಮಾತು ನಮ್ಮ ಪರವಾಗಿಯೇ ಇತ್ತು. ಪಿಎಲ್ 480 ಯೋಜನೆಯಲ್ಲಿ ಅಮೆರಿಕದ ಹೆಚ್ಚುವರಿ ಧಾನ್ಯ ಹಡಗು ಹಡಗಾಗಿ ಭಾರತಕ್ಕೆ ಬರುತ್ತಿತ್ತು. ಶಾಲೆಯಲ್ಲಿ ಅಮೆರಿಕದ ಹಳದಿ ಉಪ್ಪಿಟ್ಟು ತಿಂದ ನೆನಪು ಇಲ್ಲಿನ ಹಿರಿಯರಿಗೆ ಇನ್ನೂ ಇದೆ. ಅಮೆರಿಕದಲ್ಲಿ ಇದನ್ನು ದಾನ ಅಂತ ಹೊಗಳುತ್ತಿದ್ದರು. 1960ರಲ್ಲೇ ಷುಲ್ಟ್ಜ್ ಬೇರೆ ರಾಗ ಎಳೆದರು. ಅಗ್ಗದ ಧಾನ್ಯ ಸುರಿದರೆ ಅಲ್ಲಿನ ರೈತನ ಬೆಲೆ ಬೀಳುತ್ತದೆ ಅಂದರು. ಮತ್ತೆ ಬೆಲೆ, ಮತ್ತೆ ತಮ್ಮದೇ ದೇಶದ ರೈತ ಸಂಘಗಳಿಗೆ ಹಿಡಿಸದ ಮಾತು. ಈ ಸಲ ಯಾರೂ ಅವರನ್ನು ಏನೂ ಮಾಡುವ ಹಾಗಿರಲಿಲ್ಲ.

1964ರಲ್ಲೇ ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯ ಶುರುವಾಯಿತು. ಪಾಠ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಸೂರಿನಡಿ. ಮಾದರಿ ಅಮೆರಿಕದ್ದೇ, ನೆರವಿಗೆ ಬಂದದ್ದು ಟೆನ್ನೆಸೀ ವಿಶ್ವವಿದ್ಯಾಲಯ. ಇಲ್ಲಿ ಸಂಬಳದ ಕೀಲಿಕೈ ಇದ್ದದ್ದು ರೈತ ಸಂಘಗಳ ಬಳಿ ಅಲ್ಲ, ಸರ್ಕಾರದ ಬಳಿ. ಬೆಲೆಯ ಪ್ರಶ್ನೆಗೆ ನಾವು ಬೇರೆ ದಾರಿ ಹುಡುಕಿದೆವು. 1965ರಲ್ಲಿ ಕೇಂದ್ರದ ಕೃಷಿ ಬೆಲೆ ಆಯೋಗ ಬಂದಾಗ ಮೊದಲ ಅಧ್ಯಕ್ಷರಾಗಿ ಕೂತದ್ದು ಮುಂಬೈ ವಿಶ್ವವಿದ್ಯಾಲಯದ ಕೃಷಿ ಅರ್ಥಶಾಸ್ತ್ರದ ಪ್ರೊಫೆಸರ್ ಎಂ. ಎಲ್. ದಾಂತ್‌ವಾಲಾ. ಕರ್ನಾಟಕದ ಕೃಷಿ ಬೆಲೆ ಆಯೋಗದಲ್ಲೂ ಆ ಕುರ್ಚಿಗೆ ಕೃಷಿ ಅರ್ಥಶಾಸ್ತ್ರದ ಪ್ರೊಫೆಸರ್ ಪ್ರಕಾಶ್ ಕಮ್ಮರಡಿ ಬಂದರು. ಅಲ್ಲಿ ಬೆಲೆ ಬಗ್ಗೆ ಮಾತಾಡಿ ಪ್ರೊಫೆಸರ್ ಕೆಲಸ ಬಿಡಬೇಕಾಯಿತು, ಇಲ್ಲಿ ಮಾತಾಡಲೆಂದೇ ಕುರ್ಚಿ ಹಾಕಿದರು. ಹೇಳಿದ ಬೆಲೆಗೆ ಸರ್ಕಾರ ಕೊಂಡುಕೊಳ್ಳುತ್ತದಾ ಅನ್ನುವುದು ಬೇರೆ ಮಾತು ಬಿಡಿ.

ಷುಲ್ಟ್ಜ್‌ಗೆ 1979ರಲ್ಲಿ ನೊಬೆಲ್ ಬಂತು, ಆರ್ಥರ್ ಲೂಯಿಸ್ ಜೊತೆ ಪಾಲು. ಇದರಲ್ಲೂ ಒಂದು ಮಜಾ ಇದೆ. ಹಳ್ಳಿಯಲ್ಲಿ ಹೆಚ್ಚುವರಿ ಕೈಗಳಿವೆ ಅನ್ನುವ ಸಿದ್ಧಾಂತಕ್ಕೆ ಹೆಸರಾದವರೇ ಲೂಯಿಸ್. ಎದುರಾಳಿಗಳಿಬ್ಬರೂ ಒಂದೇ ವೇದಿಕೆಯಲ್ಲಿ. ಷುಲ್ಟ್ಜ್ 1998ರಲ್ಲಿ, 95ನೇ ವಯಸ್ಸಿನಲ್ಲಿ, ಇಲಿನಾಯ್‌ನಲ್ಲಿ ತೀರಿಕೊಂಡರು.

ಮಾರ್ಗರಿನ್ ಕಥೆ ಏನಾಯಿತು? ಕೇಂದ್ರದ ತೆರಿಗೆ 1950ರಲ್ಲಿ ಹೋಯಿತು. ರಾಜ್ಯಗಳ ನಿಷೇಧ ಒಂದೊಂದೇ ಕಳಚಿಕೊಂಡಿತು. ಕೊನೆಯದು ಷುಲ್ಟ್ಜ್ ಪಿಎಚ್‌ಡಿ ಮಾಡಿದ ವಿಸ್ಕಾನ್ಸಿನ್. ಅಲ್ಲಿ 1967ರ ತನಕ ಹಳದಿ ಮಾರ್ಗರಿನ್ ಮಾರುವ ಹಾಗಿರಲಿಲ್ಲ. ಜನ ಕಾರು ಹತ್ತಿ ಗಡಿ ದಾಟಿ, ಷುಲ್ಟ್ಜ್ ಇದ್ದ ಇಲಿನಾಯ್‌ಗೆ ಬಂದು ಡಿಕ್ಕಿ ತುಂಬಿಸಿಕೊಂಡು ಹೋಗುತ್ತಿದ್ದರು. ನಿಷೇಧ ಹೋದರೂ ಒಂದು ಸಾಲು ಆ ರಾಜ್ಯದ ಕಾನೂನಿನಲ್ಲಿ ಉಳಿದುಕೊಂಡಿತು. ಗಿರಾಕಿ ಬಾಯಿಬಿಟ್ಟು ಕೇಳದ ಹೊರತು ಹೋಟೆಲಿನವರು ಬೆಣ್ಣೆಯ ಬದಲು ಮಾರ್ಗರಿನ್ ತಂದಿಡುವಂತಿಲ್ಲ.