ತಿಂಗಳು ತಿಂಗಳು ಬರುವ ರೊಕ್ಕ ಯಾರದ್ದು?

ಹುಬ್ಬಳ್ಳಿಯಲ್ಲಿ ರೈಲ್ವೆಯಿಂದ ನಿವೃತ್ತರಾದವರು ಜಾಸ್ತಿ. ಧಾರವಾಡದಲ್ಲಿ ಮಾಸ್ತರುಗಳು. ಬ್ಯಾಡಗಿ ಕಡೆ ಮೆಣಸಿನಕಾಯಿ ಮಾರಿ ಬಂದವರು. ‘ರೊಕ್ಕ ಇಡಿ, ತಿಂಗಳು ತಿಂಗಳು ಭಾರಿ ಬಡ್ಡಿ ಕೊಡ್ತೇವೆ’ ಅನ್ನುವ ಸ್ಕೀಮಿನವರಿಗೆ ಒಂದೇ ಸಲ ದೊಡ್ಡ ಮೊತ್ತ ಕೈಗೆ ಸಿಗುವ ಇವರೇ ಬೇಕಾದ ಗಿರಾಕಿಗಳು. ಲೆಕ್ಕಪರಿಶೋಧಕನಾಗಿ ನಾನು ಅಲ್ಲಿ ರೊಕ್ಕ ಇಡಬೇಡಿ ಅಂದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: “ಆರು ತಿಂಗಳಿಂದ ಬರೊಬ್ಬರಿ ರೊಕ್ಕ ಬರಾಕತ್ತೈತ್ರಿ ಸರ್. ಮೋಸ ಇದ್ರ ಹೆಂಗ ಕೊಡ್ತಿದ್ರು?”

ಆ ಕೊಡುವುದರಲ್ಲೇ ಮೋಸ ಇದೆ. ಲೆಕ್ಕ ಹಾಕಿ. 5 ಲಕ್ಷ ಇಟ್ಟಿರಿ, ತಿಂಗಳಿಗೆ 5 ಪರ್ಸೆಂಟ್, ಅಂದರೆ 25,000. ನಿಮ್ಮ ಅಸಲು ನಿಮಗೆ ವಾಪಸ್ ಬರಲಿಕ್ಕೇ 20 ತಿಂಗಳು ಬೇಕು. ಅಲ್ಲಿವರೆಗೆ ಸ್ಕೀಮಿನವನು ತನ್ನ ಜೇಬಿನಿಂದ ಒಂದು ರೂಪಾಯಿ ಹಾಕಬೇಕಿಲ್ಲ. ಎಂಟು ತಿಂಗಳು ಕೊಟ್ಟು ಬಾಗಿಲು ಹಾಕಿದರೆ ನಿಮಗೆ ಬಂದದ್ದು 2 ಲಕ್ಷ, ಆತನ ಹತ್ತಿರ ಉಳಿದದ್ದು 3 ಲಕ್ಷ. ಹೊಸಬರು ಬರುತ್ತಿದ್ದರೆ ಆಟ ಇನ್ನಷ್ಟು ದಿನ ನಡೆಯುತ್ತದೆ. 1920ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಚಾರ್ಲ್ಸ್ ಪಾಂಜಿ 45 ದಿನಕ್ಕೆ 50 ಪರ್ಸೆಂಟ್ ಅಂತ ಆಡಿದ್ದೂ ಇದೇ ಆಟ.

ಸ್ಕೀಮನ್ನು ನಿಮ್ಮ ಮನೆಗೆ ತರುವವನು ಕಳ್ಳನಂತೆ ಕಾಣುವುದಿಲ್ಲ. ಹಳೇ ಸಹೋದ್ಯೋಗಿ, ಅಳಿಯನ ಗೆಳೆಯ, ಸಂಘದ ಕಾಕಾ. ಅವರಿಗೂ ರೊಕ್ಕ ಬಂದಿರುತ್ತದೆ, ಜೊತೆಗೆ ಕಮಿಷನ್. ಎಷ್ಟೋ ಸಲ ಅವರು ಸುಳ್ಳು ಹೇಳುತ್ತಿರುವುದೂ ಇಲ್ಲ, ನಿಜವಾಗಿಯೇ ನಂಬಿರುತ್ತಾರೆ. ಅದಕ್ಕೇ ನಾವು ಕಂಪನಿಯನ್ನು ನೋಡುವುದಿಲ್ಲ, ಕಾಕಾನ ಮುಖ ನೋಡಿ ಕೊಡುತ್ತೇವೆ.

ಕಾಗದ ಕೇಳಿದರೆ ಫೈಲು ತೋರಿಸುತ್ತಾರೆ. ಕಂಪನಿ ನೋಂದಣಿ ಪತ್ರ, ಜಿಎಸ್‌ಟಿ ನಂಬರು, ಪ್ಯಾನ್. ಎಲ್ಲವೂ ಅಸಲಿ ಇರಬಹುದು. ಆದರೆ ನೋಂದಣಿ ಪತ್ರ ಹೇಳುವುದು ಕಂಪನಿ ಇದೆ ಅಂತ ಮಾತ್ರ, ಜಿಎಸ್‌ಟಿ ಬರೀ ತೆರಿಗೆಯದು. ಜನರಿಂದ ಠೇವಣಿ ಸಂಗ್ರಹಿಸಲು ಅನುಮತಿ ಬೇರೆಯೇ ಬೇಕು. ಅನುಮತಿ ಇಲ್ಲದೆ ಠೇವಣಿ ಸಂಗ್ರಹಿಸುವುದು 2019ರ ಕೇಂದ್ರ ಕಾಯ್ದೆಯಡಿ ಅಪರಾಧ. ರಿಸರ್ವ್ ಬ್ಯಾಂಕಿನ ‘ಸಚೇತ್’ ಪೋರ್ಟಲ್‌ನಲ್ಲಿ ಕಂಪನಿಗೆ ಅನುಮತಿ ಇದೆಯಾ ಅಂತ ಹುಡುಕಬಹುದು, ದೂರು ಕೊಡಬಹುದು. ಸ್ಕೀಮಿನವರಲ್ಲಿ ಕೆಲವರು ಬಡ್ಡಿಯಲ್ಲಿ ಟಿಡಿಎಸ್ (ಕೊಡುವ ಮೊದಲೇ ಹಿಡಿಯುವ ತೆರಿಗೆ) ಕೂಡ ಕಡಿಯುತ್ತಾರೆ. ಸರ್ಕಾರಕ್ಕೆ ತೆರಿಗೆ ಕಟ್ಟುವವನು ಮೋಸ ಮಾಡ್ತಾನಾ ಅಂತ ನಮಗೆ ಅನ್ನಿಸಬೇಕು, ಅಷ್ಟೇ ಉದ್ದೇಶ.

ಮೊಬೈಲಿನ ನಕಲಿ ಟ್ರೇಡಿಂಗ್ ಆ್ಯಪ್‌ನಲ್ಲಿ ಲಾಭ ಬರೀ ಪರದೆ ಮೇಲೆ. ಹಣ ತೆಗೆಯಲು ಮೊದಲು ‘ತೆರಿಗೆ’ ಕಟ್ಟಿ ಅಂದರೆ ಕಟ್ಟಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇನ್ನು ಚೆಕ್ಕು. ಸ್ಕೀಮಿನವನು ಕೊಟ್ಟ ಮುಂದಿನ ತಾರೀಖಿನ ಚೆಕ್ಕು ಕೈಯಲ್ಲಿದ್ದರೆ ಜನಕ್ಕೆ ಭಾರಿ ಧೈರ್ಯ. ಕಂತು ನಿಂತಾಗ ಆತ ಹೇಳುವುದು, “ಬ್ಯಾಂಕಿಗೆ ಹಾಕಬ್ಯಾಡ್ರಿ ಅಣ್ಣಾರ, ಕ್ಯಾಶ್ ಕೊಡ್ತೇನಿ. ಕಂಪ್ಲೇಂಟ್ ಮಾಡಿದ್ರ ಖಾತೆ ಸೀಜ್ ಆಗಿ ಯಾರಿಗೂ ಸಿಗಂಗಿಲ್ಲ.” ಸುಮ್ನೆ ಕಾಯುತ್ತೀರಿ. ಚೆಕ್ಕಿನ ಆಯಸ್ಸು ಅದರ ತಾರೀಖಿನಿಂದ ಮೂರು ತಿಂಗಳು. ಬೌನ್ಸ್ ಆಗಿ ಬ್ಯಾಂಕು ತಿಳಿಸಿದ ಮೇಲೆ 30 ದಿನದೊಳಗೆ ಹಣ ಕೇಳಿ ನಿಮ್ಮಿಂದ ಆತನಿಗೆ ನೋಟಿಸ್ ಹೋಗಬೇಕು. ಆತ ಕೇಳುತ್ತಿರುವುದು ಆ ಮೂರು ತಿಂಗಳನ್ನೇ. ಆಸ್ತಿ ಬೇರೆಯವರ ಹೆಸರಿಗೆ ಮಾಡಲು ಅಷ್ಟು ಸಾಕು. ಠೇವಣಿದಾರರಿಗಾಗಿ ರಾಜ್ಯದ 2004ರ ಕಾಯ್ದೆ ಇದೆ, ಅದರಡಿ ಆಸ್ತಿ ಜಪ್ತಿ ಮಾಡಬಹುದು. ಆದರೆ ಜಪ್ತಿಗೆ ಆಸ್ತಿ ಅವನ ಹತ್ತಿರ ಉಳಿದಿರಬೇಕಲ್ವಾ? ಹಾಗಾಗಿ ಕಂತು ತಪ್ಪಿದ ವಾರವೇ ಚೆಕ್ಕು ಬ್ಯಾಂಕಿಗೆ ಹಾಕಿ. ಬಾಂಡು, ಪಾಸ್‌ಬುಕ್ಕಿನ ಜೆರಾಕ್ಸ್ ಹಿಡಿದು ಠಾಣೆಗೆ ಹೋಗಿ. ಬೇಕಾದರೆ ಕಾಕಾನನ್ನೂ ಕರೆದುಕೊಂಡು ಹೋಗಿ, ಅವರದ್ದೂ ಹೋಗಿರುತ್ತದೆ.